ಹಗೇವಿನ ದೀಪ, ಕೆಂಪು ಜೋಳದ ನಾಡು

ಬನಹಟ್ಟಿ ಬಸ್ ನಿಲ್ದಾಣ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದ ಮೇಲೆ ಬನಹಟ್ಟಿ ಸಂತೆಯಲ್ಲಿ ನನ್ನ ಗುರುತು ಹಿಡಿಯುವವರು ಹೆಚ್ಚಾಗಿದ್ದಾರೆ. ಬದನೆಕಾಯಿ ಮಾರುವವಳೂ ತಕ್ಕಡಿ ಹಿಡಿದುಕೊಂಡೇ, "ಕಾಶವ್ವಾ, ಅಲ್ಲಿ ಮಂದಿ ಏನ್ ಉಣ್ತಾರಬೇ?" ಎಂದು ಕೇಳುತ್ತಾಳೆ. ಕುಂಬಳಕಾಯಿ ಎಂದರೆ ನಂಬುವುದಿಲ್ಲ. ವಿಮಾನ ಏರುವಾಗ ಕಿವಿ ಹೇಗಾಯಿತು, ಬಿಳಿ ಮಂದಿ ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಾರೋ ಇಲ್ಲವೋ, ಕೇಳಿದವರಿಗೆಲ್ಲ ಅವರಿಗೆ ಬೇಕಾದಷ್ಟು ಹೇಳಿ ಕಳಿಸಿದ್ದೇನೆ. ನಮ್ಮ ರೈತ ಮಹಿಳೆಯರ ಸಂಘದವರು, "ಬರದ ಕೊಡ್ರಿ ಅಕ್ಕಾರ, ನಾಕ ಮಂದಿ ಓದ್ಲಿ" ಎಂದಾಗ ಅಷ್ಟನ್ನೇ ಬರೆದುಕೊಡೋಣವೆಂದು ಕುಳಿತೆ. ಆಗಲಿಲ್ಲ. ನಾನು ಓದಿದ್ದು ನಾಲ್ಕನೆಯ ತರಗತಿ. ಒಂದು ಸಂಗತಿಯನ್ನು ಮುಚ್ಚಿಟ್ಟು ಉಳಿದದ್ದನ್ನು ಚಂದಗಾಣಿಸಿ ಬರೆಯುವಷ್ಟು ವಿದ್ಯೆ ನನಗಿಲ್ಲ.

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳನ್ನು ಎಬ್ಬಿಸಿ, ಎದ್ದುಹೋದವರ ಹೊಸ ಮನೆಗಳೂ ಹಳೆಯವಾಗತೊಡಗಿದ್ದ ಕಾಲ ಅದು. ಜೋಳ ಬೆಳೆಯುವ ಕೆಲವರನ್ನು ಹೊರದೇಶದ ಜೋಳ ನೋಡಲು ಕರೆದುಕೊಂಡು ಹೋಗುತ್ತಾರೆಂದು ಸುದ್ದಿ ಬಂತು. ನಮ್ಮ ಕಡೆ ಕಾಲುವೆ ಬಂದದ್ದೇ ತಡ ಎಲ್ಲರೂ ಕಬ್ಬಿಗೆ ತಿರುಗಿದ್ದರು. ಚಿಮ್ಮಡದ ಹತ್ತಿರದ ನಮ್ಮ ಎರೆಹೊಲದಲ್ಲಿ ಮಾತ್ರ ಹಿಂಗಾರಿಯ ಬಿಳಿಜೋಳ ಉಳಿದಿತ್ತು. ಹಾಗಾಗಿ ನನ್ನ ಹೆಸರು ಬಂತು.

ಬರಬೇಕಾದದ್ದು ನನ್ನ ತಮ್ಮ ಮಲ್ಲಪ್ಪನ ಹೆಸರು. ಸಣ್ಣ ವಯಸ್ಸಿನಲ್ಲೇ ಅವನು ರೈತರ ತಂಡಗಳ ಜೊತೆ ಸೊಲ್ಲಾಪುರದ ಕಡೆ, ಧಾರವಾಡದ ಕಡೆ ಹೋಗಿ ಬರುತ್ತಿದ್ದ. ಉಳಿದವರು ಊರಿಗೆ ಬರುವಾಗ ಪೇಡೆ ತಂದರೆ ಇವನು ಕರವಸ್ತ್ರದಲ್ಲಿ ಮಣ್ಣು ಕಟ್ಟಿಕೊಂಡು ಬರುತ್ತಿದ್ದ. ಬನಹಟ್ಟಿಯ ಮಗ್ಗದವರು ಬಿಸಾಡಿದ ಬಣ್ಣದ ನೂಲು ಆಯ್ದು ತಂದು, ಬೀಜಕ್ಕೆ ಒಳ್ಳೆಯದೆನಿಸಿದ ತೆನೆಗೆ ಗುರುತು ಕಟ್ಟುತ್ತಿದ್ದ. ಅದನ್ನು ಯಾವ ಊರಿನ ರೈತನಿಂದ ಕಲಿತನೋ, ನಮ್ಮ ಜೋಳಕ್ಕೆ ಹೆಸರು ಬಂದದ್ದು ಅದರಿಂದಲೇ.

ಅವನ ಮದುವೆಯ ಮುಂಚೆ, ಜೋಳ ತೆಗೆಯಲು ಹಗೇವಿಗೆ ಇಳಿದಾಗ ಅವನು ಎಚ್ಚರ ತಪ್ಪಿ ಬಿದ್ದ. ಹಗೇವು ಎಂದರೆ ಅಂಗಳದಲ್ಲಿ ತೋಡಿದ, ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ದೊಡ್ಡದು. ಬಹಳ ದಿನ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿದ್ದರಿಂದ ಎಳೆದು ಹಾಕಿದರು, ಜೀವ ಉಳಿಯಿತು. ಆದರೆ ಮಾತು ತೊಡರತೊಡಗಿತು, ಬಲಗೈ ನಡುಗತೊಡಗಿತು. ಆ ದಿನದ್ದು ಮಾತ್ರ ಅವನಿಗೆ ಒಂದೂ ನೆನಪಿಲ್ಲ. ಮದುವೆ ಮುರಿಯಿತು. ಹೆಣ್ಣಿನ ಕಡೆಯವರು, "ಗಾಳಿ ನೋಡಿ ಇಳಿಯೂವಷ್ಟೂ ತಾಳ್ಮಿ ಇಲ್ಲದವಗ ಮಗಳ್ನ ಹ್ಯಾಂಗ ಕೊಡೂದು?" ಎಂದು ಹೇಳಿ ಕಳಿಸಿದರು. ಊರೂ ಅದನ್ನೇ ಹೇಳಿತು. ಮಲ್ಲಪ್ಪ ಆತುರದವನು. ಕೇಳಿ ಕೇಳಿ ಅವನೂ ನಂಬಿದ.

ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ಅವನಿಗೆ ಹೇಳದೆ ವರ್ಷಗಟ್ಟಲೆ ಅವನಿಗೆ ರೊಟ್ಟಿ ಬಡಿದು ಹಾಕಿದ್ದೆ.

ಬಸ್ ನಿಲ್ದಾಣಕ್ಕೆ ಅವನೇ ನನ್ನ ಚೀಲ ಹೊತ್ತು ತಂದ. ನೂಲು ಕಟ್ಟಿದ ಐದಾರು ತೆನೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗಿತ್ತ.

"ಅಕ್ಕಾ, ಅಲ್ಲಿ ರೈತರಿಗೆ... ತೋರಸು. ನಮ್ಮ ಬಿಳಿಜ್ವಾಳ ಹಿಂಗಿರತೈತಿ... ಅನ್ನು."

"ತೋರಸ್ತೇನಿ."

"ಅವತ್ತ ನಾ ಆತುರ ಮಾಡದಿದ್ರ... ಇವತ್ತ ನಾನ ಹೋಗ್ತಿದ್ನಿ. ನಿನಗ ಸುಮ್ನ ತ್ರಾಸ."

ಬಸ್ ಬಂತು. ಹತ್ತಿ ಕುಳಿತೆ. ಅವನು ಕಿಟಕಿಯ ಕೆಳಗೆ ನಿಂತು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬಸ್ ಹೊರಡುವ ತನಕ ನಗುತ್ತಲೇ ಇದ್ದ.

ಬ್ರಿಸ್ಬೇನ್ ವಿಮಾನ ನಿಲ್ದಾಣ

ನಮ್ಮ ತಂಡದಲ್ಲಿ ಹೆಂಗಸರು ಇಬ್ಬರೇ. ಇನ್ನೊಬ್ಬಳು ಮುಧೋಳ ತಾಲೂಕಿನ ಶಾಂತವ್ವ. ಗಟ್ಟಿ ದನಿಯವಳು, ವಿಮಾನದಲ್ಲೂ ಕಾಲು ಮಡಚಿಯೇ ಕುಳಿತಿದ್ದಳು. ಗಂಡಸರಲ್ಲಿ ಹಿರಿಯರು ಬೀಳಗಿಯ ಗುರುಪಾದಪ್ಪ. ಅವರ ಜೋಳದ ಹೊಲದ ಅರ್ಧ ಹಿನ್ನೀರಿನಲ್ಲಿ ಹೋಗಿತ್ತು. ಮೋಡದ ಮೇಲೆ ಬಂದಾಗ ಕೆಳಗೆ ನೋಡಿ, "ನನ್ನ ಹೊಲ ನೀರಾಗ, ನಾ ಗಾಳ್ಯಾಗ. ನೆಲದ ಮ್ಯಾಲ ಇರೂದು ನನ್ನ ಹೇಂತಿ ಒಬ್ಬಾಕಿ" ಎಂದು ಎಲ್ಲರನ್ನೂ ನಗಿಸಿದರು. ಇಂಗ್ಲಿಷ್ ಬಲ್ಲವರು ಒಬ್ಬರೇ. ನಮ್ಮನ್ನು ಕರೆದೊಯ್ಯುತ್ತಿದ್ದ ತರುಣ ಅಧಿಕಾರಿ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು.

ವಿಮಾನದಲ್ಲಿ ಒಂದೊಂದು ಚೀಟಿ ಕೊಟ್ಟಿದ್ದರು. ಕಾಳು, ಬೀಜ, ಗಿಡ, ತಿನಿಸು ಏನಾದರೂ ತಂದಿದ್ದೀರಾ ಎಂದು ಕೇಳುವ ಚೀಟಿಯಂತೆ. ಸಾಹೇಬರು ನಮ್ಮೆಲ್ಲರದನ್ನೂ ತಾವೇ ತುಂಬಿ, ಎಲ್ಲದಕ್ಕೂ ಇಲ್ಲ ಎಂದು ಗೀಟು ಹಾಕಿಬಿಟ್ಟಿದ್ದರು. ನಮ್ಮ ಚೀಲಗಳಲ್ಲಿ ಏನೇನಿದೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಳಿದ ಮೇಲೆ ಸಾಲಿನಲ್ಲಿ ನಿಂತಾಗ ಒಂದು ಗಿಡ್ಡ ನಾಯಿ ಬಂದು ನನ್ನ ಚೀಲ ಮೂಸಿ, ಅದರ ಪಕ್ಕದಲ್ಲೇ ಕುಂತುಬಿಟ್ಟಿತು. ಬೊಗಳಲಿಲ್ಲ, ಕಚ್ಚಲಿಲ್ಲ. ಸುಮ್ಮನೆ ನನ್ನ ಮುಖ ನೋಡಿತು.

"ಇದೇನ ನಾಯಿಬೇ! ನಮ್ಮ ಮುಧೋಳದ ಬ್ಯಾಟಿ ನಾಯಿ ಆಗಿದ್ರ ಇಷ್ಟೊತ್ತಿಗೆ ಮೊಲ ಹಿಡದ ತಂದಿರ್ತಿತ್ತು. ಇದು ಕಾಶಕ್ಕನ ರೊಟ್ಟಿ ಹಿಡದೈತಿ ನೋಡು!" ಎಂದಳು ಶಾಂತವ್ವ.

ಹಿಡಿದದ್ದು ರೊಟ್ಟಿಯನ್ನಲ್ಲ. ಸಮವಸ್ತ್ರ ಹಾಕಿದ ಒಬ್ಬ ಹೆಂಗಸು ನನ್ನ ಚೀಲ ಬಿಚ್ಚಿಸಿ, ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಮೇಜಿನ ಮೇಲೆ ಹರವಿ, ಕೊನೆಗೆ ಬಿಳಿ ಬಟ್ಟೆಯ ಗಂಟು ಬಿಚ್ಚಿದಳು. ತೆನೆಗಳನ್ನು ನೋಡಿ ಅವಳ ಮುಖ ಗಂಭೀರವಾಯಿತು. ಹೊರಗಿನ ಬೀಜದ ಜೊತೆ ರೋಗ ಬರುತ್ತದೆ, ಅದಕ್ಕೆ ಬಿಡುವುದಿಲ್ಲ ಎಂದು ಸಾಹೇಬರು ತಿಳಿಸಿದರು. ಅವರ ಹಣೆಯ ಮೇಲೆ ಬೆವರಿತ್ತು.

"ಸಾಹೇಬ್ರ, ಏನಂತಾಳ್ರಿ ಆಕಿ?"

"ಮೊದಲ ಹೇಳಿದ್ರ ಏನೂ ಇರಲಿಲ್ಲಂತ, ಇಟ್ಕೊಂಡು ಕಳಸ್ತಿದ್ರಂತ. ಮುಚ್ಚಿಟ್ಟದ್ದ ತಪ್ಪಂತ."

ಚೀಟಿ ತುಂಬಿದವರು ತಾವೇ ಎಂದು ಸಾಹೇಬರು ಒಪ್ಪಿಕೊಂಡ ಮೇಲೆ ಗದರಿಸಿ ಬಿಟ್ಟರು. ರೊಟ್ಟಿ ಚಟ್ನಿ ತಿರುಗಿ ಕೊಟ್ಟರು. ತೆನೆಗಳನ್ನು ನೂಲಿನ ಸಮೇತ ಮುಚ್ಚಳದ ದೊಡ್ಡ ಡಬ್ಬಿಗೆ ಹಾಕಿದರು. ಬಿಳಿ ಬಟ್ಟೆಯೊಂದೇ ಉಳಿಯಿತು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆ ಹೆಂಗಸು ಕೊನೆಯಲ್ಲಿ ಇನ್ನೇನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಡಾಲ್ಬಿಯ ದಾರಿ

ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಗುಡ್ಡ ಹತ್ತಿ ಆಚೆ ಇಳಿದರೆ ಬಯಲು. ಆ ಬಯಲು ಕಂಡದ್ದೇ ನಾವು ಬಸ್ಸಿನಲ್ಲಿ ಎದ್ದು ನಿಂತೆವು. ಅದು ನಮ್ಮದೇ ಎರೆಮಣ್ಣು! ಕರಿ ನೆಲ, ಅದೇ ಬಿರುಕು, ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈ ತನಕ ಹೋಗುತ್ತದೆ. ಗುರುಪಾದಪ್ಪನವರು ಬಸ್ ನಿಲ್ಲಿಸಿ, ಇಳಿದು, ಒಂದು ಹೆಂಟೆ ಎತ್ತಿ ಮೂಸಿ ನೋಡಿದರು. ಬಾಯಿಗೂ ಇಟ್ಟುಕೊಂಡರು.

"ಕಾಕಾ, ರುಚಿ ಹ್ಯಾಂಗೈತ್ರಿ?" ಎಂದು ಶಾಂತವ್ವ ಕೇಳಿದಳು.

"ನನ್ನ ಹೊಲದ ರುಚಿನ ಐತಿ ತಂಗಿ," ಎಂದರು. ಆಮೇಲೆ ಬಹಳ ದೂರದ ತನಕ ಅವರು ತಮಾಷೆ ಮಾಡಲಿಲ್ಲ.

ಮಣ್ಣು ನಮ್ಮದು, ಬೆಳೆ ಬೇರೆ. ಅವರ ಜೋಳ ಕೆಂಪು. ಗಿಡ ಸೊಂಟದ ಎತ್ತರ, ಎಲ್ಲ ತೆನೆಗಳೂ ಒಂದೇ ಮಟ್ಟಕ್ಕೆ ಕತ್ತರಿಸಿಟ್ಟಂತೆ. ಕಣ್ಣು ಹೋಗುವ ತನಕ ಹೊಲ, ಹೊಲದಲ್ಲಿ ಒಂದು ನರಪಿಳ್ಳೆ ಇಲ್ಲ. ನಮ್ಮಲ್ಲಿ ಸುಗ್ಗಿ ಎಂದರೆ ಮಂದಿ, ಬುತ್ತಿ, ಬೈಗುಳ. ಅಲ್ಲಿ ಒಂದು ಯಂತ್ರ, ಅದರ ತಲೆಯ ಮೇಲೆ ಗಾಜಿನ ಕೋಣೆ, ಅದರೊಳಗೆ ಒಬ್ಬ ಮನುಷ್ಯ. ದಾರಿಯಲ್ಲಿ ಎದುರಿಗೆ ಬಂದ ಪ್ರತಿ ಗಾಡಿಯವನೂ ಸ್ಟೇರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಿದ್ದ. ಗುರುತಿಲ್ಲದವರಿಗೆ ಅದೇ ನಮಸ್ಕಾರವಂತೆ. ಇಷ್ಟು ದೂರ ದೂರ ಮನೆಗಳಿದ್ದರೆ ಒಂದು ಬೆರಳೂ ದೊಡ್ಡ ಮಾತೇ.

ನಾವು ಉಳಿದದ್ದು ರಾನ್ ಎಂಬ ರೈತನ ಹೊಲಮನೆಯಲ್ಲಿ. ಅರವತ್ತರ ಆಸುಪಾಸಿನವನು, ಮಾತು ಕಡಿಮೆ. ಬೂಟು ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲೇ ಮನೆಯೆಲ್ಲ ಓಡಾಡುತ್ತಿದ್ದ. ಅವನ ಹೆಂಡತಿ ಮಾರ್ಗರೆಟ್ ನಾವು ಮಾಂಸ ಮುಟ್ಟುವುದಿಲ್ಲವೆಂದು ತಿಳಿದು ಎರಡು ಹೊತ್ತೂ ಕುಂಬಳಕಾಯಿ ಬೇಯಿಸಿ ಹಾಕಿದಳು. ತಾಟುಗಳನ್ನು ಸೋಪಿನ ನೀರಿನಲ್ಲಿ ಅದ್ದಿ, ನೊರೆ ತೊಳೆಯದೆ ಹಾಗೇ ಬಟ್ಟೆಯಲ್ಲಿ ಒರೆಸಿಡುತ್ತಿದ್ದಳು. ಶಾಂತವ್ವ ತಡೆಯಲಾರದೆ ಎದ್ದು ಹೋಗಿ ಎಲ್ಲವನ್ನೂ ಮತ್ತೆ ನಲ್ಲಿಯ ಕೆಳಗೆ ಹಿಡಿದಳು. ನೀರು ಹರಿಯುವುದನ್ನು ಕಂಡು ಮಾರ್ಗರೆಟ್ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವರಿಗೆ ಮಳೆಯ ನೀರೇ ಗತಿ, ಚಾವಣಿಯಿಂದ ತೊಟ್ಟಿಗೆ ಇಳಿಸಿಕೊಂಡದ್ದು. ಕಾಲುವೆ ಒಡೆದು ಹೊಲ ತುಂಬ ನೀರು ನಿಲ್ಲಿಸುವ ನಮ್ಮ ಕೈಗೆ ಆ ಲೆಕ್ಕ ಎಲ್ಲಿಂದ ಬರಬೇಕು?

ನಾನು ಕಟಕ ರೊಟ್ಟಿ ಕೊಟ್ಟೆ. ರಾನ್ ಮುರಿದು ತಿಂದ. ಇದು ಯಾವುದರದ್ದು ಎಂದು ಕೇಳಿದ. ಜೋಳದ್ದು ಎಂದು ಸಾಹೇಬರು ಹೇಳಿದಾಗ ಅಗಿಯುವುದನ್ನು ನಿಲ್ಲಿಸಿದ. ಅವನ ಅಪ್ಪನ ಕಾಲದಿಂದ ಜೋಳ ಬೆಳೆದಿದ್ದಾರೆ. ಎಲ್ಲವೂ ದನಕ್ಕೆ, ಕೋಳಿಗೆ, ಹಂದಿಗೆ. ಒಂದು ಕಾಳನ್ನೂ ಅವನು ಬಾಯಿಗೆ ಹಾಕಿಕೊಂಡವನಲ್ಲ. ಇನ್ನೊಂದು ತುಂಡು ಕೇಳಿ ತೆಗೆದುಕೊಂಡ.

ಮರುದಿನ ಹೊಲ ತೋರಿಸಿದ. ಕೊಯ್ದ ಮೇಲೆ ದಂಟನ್ನು ಹೊಲದಲ್ಲೇ ಬಿಡುತ್ತಾರೆ, ನೇಗಿಲು ಹೂಡುವುದಿಲ್ಲ, ದಂಟಿನ ನೆರಳಿಗೆ ನೆಲದ ಹಸಿ ಉಳಿಯುತ್ತದೆ ಎಂದ. ಸಾಹೇಬರು ಬಹಳ ಒಳ್ಳೆಯ ಪದ್ಧತಿ ಎಂದರು.

"ಛಲೋ ಐತ್ರಿ. ದಂಟ ಹೊಲದಾಗ ಬಿಟ್ರ ನಮ್ಮ ಎತ್ತ ಏನ್ ತಿಂತಾವು, ನನ್ನ ರುಮಾಲ?" ಎಂದರು ಗುರುಪಾದಪ್ಪ. ಅದನ್ನು ಇಂಗ್ಲಿಷಿಗೆ ಹೇಳಿದಾಗ ರಾನ್ ಮೊದಲ ಸಲ ನಕ್ಕ.

ಮಲ್ಲಪ್ಪ ಬಂದಿದ್ದರೆ ಈ ಮಾತನ್ನು ನಕ್ಕು ಬಿಡುತ್ತಿರಲಿಲ್ಲ. ಅರ್ಧ ದಂಟು ಬಿಟ್ಟು ಅರ್ಧ ಕೊಯ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದ. ನಾನು ಕೇಳಲಿಲ್ಲ. ಎರೆಹೊಲದ ಅಂಚಿನಲ್ಲಿ ನಿಂತು, ಖಾಲಿ ಬಟ್ಟೆ ಸೊಂಟದಲ್ಲಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.

ರಾನ್‌ನ ಕಣಜ

ಅಂಗಳದಲ್ಲಿ ತಗಡಿನ ಕಣಜಗಳು ಸಾಲಾಗಿ ನಿಂತಿದ್ದವು. ನಮ್ಮ ಕಣಜ ನೆಲದೊಳಗೆ ಇಳಿದರೆ ಅವರದು ಆಕಾಶಕ್ಕೆ ಏರುತ್ತದೆ. ಹೊಸ ಜೋಳ ತುಂಬುವ ಮುಂಚೆ ಒಂದನ್ನು ಒಳಗಿಳಿದು ಗುಡಿಸಬೇಕಿತ್ತು. ತಗಡಿನ ಸಂದಿಯಿಂದ ಮಳೆನೀರು ಇಳಿದು ತಳದ ಹಳೆಯ ಕಾಳು ನೆನೆದಿತ್ತಂತೆ. ರಾನ್ ನಮ್ಮನ್ನು ದೂರ ನಿಲ್ಲಿಸಿದ. ಮಗನನ್ನು ಕರೆದು ಏಣಿಯ ಬುಡದಲ್ಲಿ ನಿಲ್ಲಿಸಿದ. ತಾನು ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಜೇಬಿನಿಂದ ಅಂಗೈಯಷ್ಟು ಹಳದಿ ಪೆಟ್ಟಿಗೆ ತೆಗೆದ. ಅದಕ್ಕೆ ದಾರ ಕಟ್ಟಿ, ಕೈಯಿಂದ ಕೈಗೆ ಬಿಡುತ್ತ, ನಿಧಾನವಾಗಿ ಒಳಗೆ ಇಳಿಸತೊಡಗಿದ.

ಗಾಳಿ ನೋಡಲು ಹಗೇವಿಗೆ ದೀಪ ಇಳಿಸುವಾಗಲೂ ನಮ್ಮಲ್ಲಿ ಹಾಗೆಯೇ ಇಳಿಸುತ್ತಾರೆ.

ಸ್ವಲ್ಪ ಹೊತ್ತಿಗೆ ತಗಡಿನ ಒಳಗಿನಿಂದ ಪೆಟ್ಟಿಗೆ ಹಕ್ಕಿಮರಿಯಂತೆ ಚೀರತೊಡಗಿತು. ರಾನ್ ದಾರ ಮೇಲಕ್ಕೆ ಎಳೆದುಕೊಂಡು ಇಳಿದು ಬಂದ. ಗಾಳಿ ಚೆನ್ನಾಗಿಲ್ಲ ಎಂದ. ಅಷ್ಟೇ. ಮುಖದಲ್ಲಿ ಬೇಸರವಿಲ್ಲ, ನಾಚಿಕೆಯಿಲ್ಲ, ಅತಿಥಿಗಳ ಮುಂದೆ ಕೆಲಸ ಕೆಟ್ಟಿತಲ್ಲ ಎಂಬ ಅಳುಕಿಲ್ಲ. ಕೆಳಗಿನ ಬಾಗಿಲು ತೆರೆದು, ಗಾಳಿಯ ಪಂಖ ಹಚ್ಚಿ, ಗಾಡಿಯ ಹಿಂಬಾಗಿಲ ಮೇಲೆ ಕುಳಿತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ. ನಮಗೂ ಕೊಟ್ಟ. ಒಂದು ತಾಸಿನ ಮೇಲೆ ಅಲ್ಲಿಯೇ ಕುಳಿತಿದ್ದೆವು. ಅವನು ಒಮ್ಮೆಯೂ ಕಣಜದ ಕಡೆ ಅವಸರದಿಂದ ನೋಡಲಿಲ್ಲ.

ನೆನೆದ ಕಾಳು ಹುಳಿ ಬಂದರೆ ಗಾಳಿಯನ್ನು ತಿಂದುಬಿಡುತ್ತದೆ ಎಂದು ಸಾಹೇಬರು ಬಿಡಿಸಿ ಹೇಳಿದರು. ಆಗ ನನಗೆ ತಿಳಿಯಿತು. ನಮ್ಮ ಅಂಗಳದ ಹಗೇವು ಅಜ್ಜನ ಕಾಲದಿಂದ ಒಣಗಿತ್ತು. ಊರ ಮೇಲ್ಗಡೆ ಕಾಲುವೆ ಬಂದು, ಹೊಲಗಳಲ್ಲಿ ನೀರು ನಿಂತು, ನೆಲದ ಹಸಿ ಒಳಗಿಂದೊಳಗೆ ಬಂದು ಅದರ ತಳ ಮುಟ್ಟಿತ್ತು.

ಮಲ್ಲಪ್ಪನ ಮದುವೆಯ ಮೊದಲ ಹಿಟ್ಟು ಹಗೇವಿನ ಜೋಳದ್ದೇ ಆಗಬೇಕೆಂದು ಅವ್ವ ಹಟ ಹಿಡಿದಿದ್ದಳು. ಗಂಡ ತೀರಿಹೋದ ಮೇಲೆ ನಾನು ತವರಿಗೆ ಬಂದವಳು. ಅರಿಷಿಣ ಹಚ್ಚುವಲ್ಲಿ, ಬೀಸುವ ಕಲ್ಲಿನ ಪೂಜೆಯಲ್ಲಿ ನನ್ನನ್ನು ಹಿಂದೆ ನಿಲ್ಲಿಸಿದ್ದರು. ಹಗೇವಿಗೆ ದೀಪ ಇಳಿಸುವುದು ಶಾಸ್ತ್ರವಲ್ಲ, ಕೆಲಸ. ಅದು ನನ್ನ ಪಾಲಿಗೆ ಬಂತು. ಬುಟ್ಟಿಯಲ್ಲಿ ಹಣತೆ ಇಟ್ಟು ಹಗ್ಗ ಬಿಟ್ಟೆ. ತಳ ಮುಟ್ಟುವ ಮುಂಚೆಯೇ ಆರಿತು. ಮತ್ತೆ ಹಚ್ಚಿ ಬಿಟ್ಟೆ. ಮತ್ತೆ ಆರಿತು.

ಆರಿದರೆ ಇಳಿಯಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕೆಟ್ಟ ಗಾಳಿ ಕಾಣಲಿಲ್ಲ. ಮದುವೆ ಮನೆಯಲ್ಲಿ, ಗಂಡ ಸತ್ತವಳ ಕೈಯಲ್ಲಿ ಆರಿದ ದೀಪ ಕಂಡಿತು. ಒಳಗೆ ಮುತ್ತೈದೆಯರು ಹಾಡುತ್ತಿದ್ದರು. ಸೋದರತ್ತೆ ಬಾಗಿಲಿಗೆ ಬಂದರೆ ಏನು ಅನ್ನುತ್ತಾಳೆಂದು ಕಿವಿಯಲ್ಲೇ ಕೇಳಿಸಿತು. ಮೂರನೆಯ ಸಲ ಹಚ್ಚಿ, ಬುಟ್ಟಿಯನ್ನು ಹಗೇವಿನ ಕತ್ತಿನ ತನಕ ಮಾತ್ರ ಇಳಿಸಿ ಹಿಡಿದೆ. ಅಲ್ಲಿ ಉರಿಯಿತು.

ಮಲ್ಲಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತ ಬಂದ. "ಅಕ್ಕಾ, ದೀಪ ಉರೀತೈತಿ?" ಎಂದು ಕೇಳಿದ.

"ಉರೀತೈತಿ," ಎಂದೆ.

ನಾನು ಇದೆಲ್ಲ ನೆನೆಯುತ್ತ ಚಹಾದ ಕಪ್ಪು ಹಿಡಿದು ಕುಳಿತಿರುವಾಗ, ನಿಮ್ಮಲ್ಲಿ ಗಾಳಿ ಹೇಗೆ ನೋಡುತ್ತೀರಿ ಎಂದು ರಾನ್ ಕೇಳಿದ. ತಂಡದಲ್ಲಿ ಹಗೇವು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

"ದೀಪ ಇಳಿಸ್ತೀವ್ರಿ," ಎಂದೆ.

ರಾನ್ ಮೆಚ್ಚಿ ತಲೆದೂಗಿದ. ಆರಿದರೆ ಏನು ಮಾಡುತ್ತೀರಿ ಎಂದ. ನಾನು ಕಪ್ಪಿನೊಳಗೆ ನೋಡಿದೆ. ಗುರುಪಾದಪ್ಪನವರು ಮುಂದಾದರು.

"ಆರಿದ್ರ ಇಳಿಯೂದಿಲ್ರಿ. ಸಣ್ಣ ಹುಡುಗ್ರಿಗೂ ಗೊತ್ತಿರತೈತಿ. ಆದ್ರೂ ಕೆಲವರು ಆತುರಗೇಡಿಗೋಳು ಇರ್ತಾವು. ಚಿಮ್ಮಡದ ಕಡೆ ಒಬ್ಬ ಮದಿವಿ ಹುಡುಗ, ನಾಳೆ ಹೇಂತಿ ಬರ್ತಾಳು ಅಂತ ಕುಣಕೋತ ಇಳದ. ದೀಪ ನೋಡ್ಲಿಲ್ಲ ಏನಿಲ್ಲ. ಜೀವ ಉಳೀತ್ರಿ, ಖರೆ ಮನಷ್ಯಾ ಉಳೀಲಿಲ್ಲ."

ನಾನು ಬನಹಟ್ಟಿ ಕಡೆಯವಳೆಂದಷ್ಟೇ ಅವರು ಬಲ್ಲರು, ಅವನು ನನ್ನ ತಮ್ಮ ಎಂದು ಅವರಿಗೆ ಗೊತ್ತಿರಲಿಲ್ಲ. ಕೇಳಿದ ಕಥೆಯನ್ನು ಹೇಳಿದರು. ಸಾಹೇಬರು ಅದನ್ನು ಇಂಗ್ಲಿಷಿಗೆ ಹೇಳಿದರು. ರಾನ್ ಕಪ್ಪು ಕೆಳಗಿಟ್ಟು, ಏಣಿಯ ಬುಡದಲ್ಲಿ ನಿಂತ ಮಗನನ್ನು ನೋಡಿ, ಒಂದು ಪ್ರಶ್ನೆ ಕೇಳಿದ.

"ಮ್ಯಾಲ ಯಾರೂ ನಿಂತಿರಲಿಲ್ಲೇನು ಅಂತ ಕೇಳಾಕತ್ತಾರ," ಎಂದರು ಸಾಹೇಬರು.

"ಇದ್ದಳಂತ ಒಬ್ಬಾಕಿ. ಆಕಿ ಏನ್ ಮಾಡ್ಯಾಳ ಪಾಪ, ಹೆಂಗಸು," ಎಂದರು ಗುರುಪಾದಪ್ಪ.

ಆ ಒಬ್ಬಾಕಿ ನಾನೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಅಲ್ಲಿ ನನ್ನ ಸೋದರತ್ತೆ ಇರಲಿಲ್ಲ, ಊರು ಇರಲಿಲ್ಲ. ನಾನು ಚಹಾ ಕುಡಿದು ಮುಗಿಸಿದೆ. ಮಲ್ಲಪ್ಪನನ್ನು ಎರಡನೆಯ ಸಲ ಹಗೇವಿಗೆ ಅಲ್ಲಿ ಇಳಿಸಿದೆ.

ಕಡಲ ದಂಡೆ

ತಿರುಗಿ ಬರುವ ಮುಂಚೆ ನಮ್ಮನ್ನು ಕಡಲಿಗೆ ಕರೆದೊಯ್ದರು. ದಂಡೆಯ ಮೇಲೆ ಗಂಡಸರು ಹೆಂಗಸರು ಬಟ್ಟೆ ಬಿಚ್ಚಿ ಬಿಸಿಲಿಗೆ ಒಣ ಹಾಕಿದಂತೆ ಮಲಗಿದ್ದರು. ನಮ್ಮ ಗಂಡಸರು ಆಕಾಶ ನೋಡುತ್ತ ನಡೆದು ಒಬ್ಬರ ಮೇಲೊಬ್ಬರು ಎಡವಿದರು. ಶಾಂತವ್ವ ಸೀರೆಯನ್ನು ಹಿಮ್ಮಡಿಯ ಮೇಲಕ್ಕೆ ಎತ್ತಿಕೊಂಡು ನೀರಿಗಿಳಿದಳು. ಅವಳ ಪಕ್ಕದಲ್ಲಿ ನಿಂತು, ತೆರೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸದೆಂಬ ಧೈರ್ಯದ ಮೇಲೆ, ಎಲ್ಲ ಹೇಳಿದೆ. ಅವಳು ತಿರುಗಿ ನನ್ನ ಮುಖ ನೋಡಲಿಲ್ಲ. ಕಾಲ ಕೆಳಗಿನ ಉಸುಕು ಸರಿಯುವುದನ್ನೇ ನೋಡುತ್ತಿದ್ದಳು.

"ಈಗ ಹೇಳಿ ಏನ್ ಮಾಡ್ತೀ ಕಾಶಕ್ಕಾ? ಅವನ ಕೈ ನಡಗೂದು ನಿಲ್ತೈತೇನು?"

"ನಿಲ್ಲೂದಿಲ್ಲ."

"ಹೋದ ಹುಡುಗಿ ಬರ್ತಾಳೇನು? ಆಕಿಗೀಗ ಎರಡ ಮಕ್ಕಳಿರಬೇಕು."

"ಅದಾವು."

"ಮತ್ತ? ಅವಗ ಇರೂದು ನೀ ಒಬ್ಬಾಕಿ. ಅದನ್ನೂ ಕಳಕೊಂಡು ಅವಾ ಎಲ್ಲಿ ಹೋಗ್ಬೇಕು?"

ಈ ಮಾತೇ ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದ್ದು. ಅವನಿಗಾಗಿಯೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದನ್ನು ಇನ್ನೊಬ್ಬಳ ಬಾಯಲ್ಲಿ ಕೇಳಿದಾಗ ಅದರ ಹುಳುಕು ಕಂಡಿತು. ಅವ್ವ ಹೋದ ಮೇಲೆ, ಸೋದರತ್ತೆಯೂ ಹೋದ ಮೇಲೆ, ಯಾರ ಅಂಜಿಕೆ ಉಳಿದಿತ್ತು? ಅವನೊಬ್ಬನದೇ. ದಿನಾ ನನ್ನೆದುರು ಕುಳಿತು ಉಣ್ಣುವವನ ಮುಖ ಬದಲಾದೀತು ಎಂಬ ಅಂಜಿಕೆ. ಅಷ್ಟಕ್ಕಾಗಿ ನನ್ನ ತಪ್ಪನ್ನು ಅವನ ತಲೆಯ ಮೇಲೆ ಇಟ್ಟು ಸಾಕಿದ್ದೆ.

ಶಾಂತವ್ವ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದಳು. "ಥೂ, ಇಷ್ಟ ನೀರ ಇದ್ದು ಒಂದ ಹನಿ ಬಾಯಿಗಿಲ್ಲ," ಎಂದು ದಂಡೆಗೆ ನಡೆದಳು.

ಮನೆ

ಬನಹಟ್ಟಿಯಲ್ಲಿ ಇಳಿದಾಗ ಮಲ್ಲಪ್ಪ ಅದೇ ಜಾಗದಲ್ಲಿ ನಿಂತಿದ್ದ. ಚೀಲ ಎತ್ತಿಕೊಂಡದ್ದೇ ಕೇಳಿದ.

"ತೆನಿ... ನೋಡಿ ಏನಂದ್ರು?"

ಬಹಳ ಮೆಚ್ಚಿದರು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೇ ಹೆದರಿಕೆಯಾಯಿತು.

"ತೋರಸಾಕ ಆಗಲಿಲ್ಲ ತಮ್ಮಾ. ವಿಮಾನದಿಂದ ಇಳದ ಕೂಡ್ಲೆ ಕಸಗೊಂಡು ಡಬ್ಬ್ಯಾಗ ಹಾಕಿದ್ರು."

ಅವನ ಮುಖ ಸಣ್ಣದಾಯಿತು. ಆಮೇಲೆ ಅವನೇ ನನ್ನನ್ನು ಸಮಾಧಾನ ಮಾಡಿದ. ಹೋಗಲಿ, ಬೀಜ ಮನೆಯಲ್ಲಿದೆಯಲ್ಲ ಎಂದ.

ಸಂಜೆ ಅಂಗಳದಲ್ಲಿ ಕುಳಿತೆವು. ಹಗೇವನ್ನು ಅವನು ಬಿದ್ದ ವರ್ಷವೇ ಮಣ್ಣು ತುಂಬಿ ಮುಚ್ಚಿಸಿದ್ದೆವು. ಅದರ ಬಾಯಿಯ ಚಪ್ಪಡಿ ಮಾತ್ರ ಇದ್ದಲ್ಲೇ ಇದೆ, ಮಲ್ಲಪ್ಪ ಕೂರುವುದು ಅದರ ಮೇಲೆಯೇ. ಅವನು ಕರಿ ಮಣ್ಣಿನ ಬಿರುಕಿನ ಬಗ್ಗೆ ಕೇಳಿದ, ದಂಟು ಬಿಡುವ ಬಗ್ಗೆ ಕೇಳಿದ. ನಾನು ಎಣಿಸಿದಂತೆಯೇ, "ಅರ್ಧ ಬಿಟ್ಟು ಅರ್ಧ ಕೊಯ್ದ್ರ?" ಎಂದ. ಗೊತ್ತಿಲ್ಲ, ಕೇಳಲಿಲ್ಲ ಎಂದೆ. ಕಣಜ ಹೇಗಿರುತ್ತದೆ ಎಂದು ಕೇಳಿದ. ತಗಡಿನ ಕಣಜ, ದಾರ ಕಟ್ಟಿದ ಹಳದಿ ಪೆಟ್ಟಿಗೆ, ಅದು ಚೀರಿದ್ದು, ರಾನ್ ಇಳಿದು ಬಂದದ್ದು, ಚಹಾ ಕುಡಿದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಿಲ್ಲಿಸದೆ, ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟುತ್ತದೆಂದು ಗೊತ್ತಿದ್ದರಿಂದ, ಅದೇ ದನಿಯಲ್ಲಿ ನಮ್ಮ ಹಗೇವಿನದನ್ನೂ ಹೇಳಿದೆ. ದೀಪ ಒಮ್ಮೆ ಆರಿದ್ದು. ಎರಡನೆಯ ಸಲ ಆರಿದ್ದು. ಕತ್ತಿನ ತನಕ ಹಿಡಿದದ್ದು. ಅವನು ಕೇಳಿದ್ದು, ನಾನು ಉರಿಯುತ್ತಿದೆ ಎಂದದ್ದು. ಅವನು ಆತುರ ಮಾಡಿರಲಿಲ್ಲ ಎಂಬುದು.

ಅವನ ನಡುಗುವ ಕೈ ಮೊಣಕಾಲಿನ ಮೇಲಿತ್ತು. ಎಂದಿನಂತೆ ಅದನ್ನು ಇನ್ನೊಂದು ಕೈಯಿಂದ ಹಿಡಿದು ಮುಚ್ಚಲಿಲ್ಲ. ನಡುಗಲು ಬಿಟ್ಟ.

"ನಾ ಕೇಳಿದ್ನಿ?" ಎಂದ.

"ಕೇಳಿದಿ. ಹಗ್ಗ ಕಟ್ಟಿಕೋತ ಕೇಳಿದಿ."

"ಕೇಳಿ... ಇಳದ್ನಿ?"

"ಹೂಂ."

ಬೈಯುತ್ತಾನೆ ಎಂದುಕೊಂಡೆ. ಅಳುತ್ತಾನೆ ಎಂದುಕೊಂಡೆ. ಎದ್ದು ಹೋದರೆ ಹಿಂದೆ ಹೋಗಬಾರದೆಂದೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅವನು ಚಪ್ಪಡಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತಿದ್ದ.

"ಆ ಬಿಳಿ ಮನಷ್ಯಾ... ಚಹಾ ಕುಡದಾ ಅಂದಿ?"

"ಕುಡದಾ."

"ಗಾಳಿ ಸರಿ ಆಗೂತನಕ?"

"ಹೂಂ, ಗಾಳಿ ಸರಿ ಆಗೂತನಕ."

ಅವನು ನನ್ನ ಮುಖ ನೋಡಿದ.

"ಹೇಳಿದ್ರ... ನಾನೂ ಕುಂತು ಚಹಾ ಕುಡೀತಿದ್ನಲ್ಲ ಅಕ್ಕಾ," ಎಂದ.